ಎಳಿ ಅಂದಿದ್ದೆ

ಇಂಗ್ಲಿಷರ ಮೇಲೆ ನನಗಿರುವ ಸಿಟ್ಟಿಗೂ ಸ್ವಾತಂತ್ರ್ಯ ಹೋರಾಟಕ್ಕೂ ಯಾವ ಸಂಬಂಧವೂ ಇಲ್ಲ. ಅದು ಒಂದು ಪುಟ್ಟ ಪದದ ಮೇಲಿನ ಸಿಟ್ಟು. ಆ ಪದವನ್ನು ಪ್ರೈಮರಿ ಶಾಲೆಯಲ್ಲೇ ಕಲಿತಿದ್ದೆ. ಬ್ಯಾಂಕಿನ ಬಾಗಿಲ ಮೇಲೆ, ಲಿಫ್ಟಿನ ಪಕ್ಕದ ಗಾಜಿನ ಕದದ ಮೇಲೆ ದಿನಾ ಕಾಣುತ್ತದೆ: ಪುಲ್. ಎಳೆಯಿರಿ. ಇದಕ್ಕೆ ಯಾರು ಡಿಕ್ಷನರಿ ನೋಡುತ್ತಾರೆ? ನಾನೂ ನೋಡಲಿಲ್ಲ. ಅದರಿಂದಾಗಿ ಕುದುರೆಗಳ ಡಾಕ್ಟರಾಗಬೇಕಿದ್ದ ನನ್ನ ಮಗಳು ಈಗ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೂತು, ಡಿಕ್ಕಿ ಹೊಡೆದ ಕಾರುಗಳ ಫೋಟೋ ನೋಡುತ್ತಾಳೆ.

ನಾನು ದೋಹಾ ಹತ್ತಿರದ ಮೆಸಯೀದ್‌ನ ಕಾರ್ಖಾನೆಯೊಂದರಲ್ಲಿ ಪಂಪು ಮತ್ತು ವಾಲ್ವುಗಳ ಟೆಕ್ನಿಷಿಯನ್. ಮನೆ ದೋಹಾದ ಅಲ್ ಮನ್ಸೂರಾದಲ್ಲಿ, ಕೆಳಗೆ ಇಡ್ಲಿ ಸಿಗುವ ಹೋಟೆಲು, ಪಕ್ಕದಲ್ಲಿ ಮನಿ ಎಕ್ಸ್‌ಚೇಂಜು. ಬೆಳಕು ಹರಿಯುವಾಗ ಕಂಪನಿ ಬಸ್ಸು ಹತ್ತಿದರೆ ಕಾರ್ಖಾನೆ ಮುಟ್ಟುವವರೆಗೆ ಮಾಡಲಿಕ್ಕೆ ಕೆಲಸವಿಲ್ಲ. ಉಳಿದವರು ಬಾಯಿ ತೆರೆದು ನಿದ್ದೆ ಮಾಡುತ್ತಾರೆ, ಇಲ್ಲವೇ ಫೋನಿನಲ್ಲಿ ಮುಳುಗಿರುತ್ತಾರೆ. ನನಗೆ ಓದುವ ಚಟ. ಊರಿಂದ ತಂದ ಕನ್ನಡ ಪುಸ್ತಕಗಳೆಲ್ಲ ಎರಡೆರಡು ಸಲ ಮುಗಿದಿದ್ದವು. ಅಂಥ ಸಮಯದಲ್ಲಿ ಕಂಪನಿ ಕ್ವಾರ್ಟರ್ಸಿನ ಕ್ಲಬ್ಬಿನಲ್ಲಿ ಆ ಪುಸ್ತಕ ಸಿಕ್ಕಿತು.

ಬ್ರಿಟಿಷ್ ಎಂಜಿನಿಯರೊಬ್ಬ ನಿವೃತ್ತನಾಗಿ ಊರಿಗೆ ಹೊರಟಾಗ ಒಂದು ರಟ್ಟಿನ ಡಬ್ಬ ತುಂಬಾ ಹಳೆ ಪುಸ್ತಕಗಳನ್ನು ಕೇರಂ ಬೋರ್ಡಿನ ಪಕ್ಕ ಬಿಟ್ಟು ಹೋಗಿದ್ದ. ಬೇಕಾದವರು ಒಯ್ಯಲಿ ಅಂತ. ಯಾರಿಗೂ ಬೇಕಾಗಿರಲಿಲ್ಲ. ಮೇಲಿದ್ದ ಪುಸ್ತಕದ ಮುಖಪುಟದಲ್ಲಿ ಹಲ್ಲು ಕಚ್ಚಿಕೊಂಡ ಒಂದು ಕುದುರೆ, ಅದರ ಬೆನ್ನ ಮೇಲೆ ಹಲ್ಲು ಕಚ್ಚಿಕೊಂಡ ಜಾಕಿ, ಮೂಲೆಯಲ್ಲಿ ಹ್ಯಾಟು ಹಾಕಿದ ದೊಡ್ಡ ಮನುಷ್ಯನ ನೆರಳು. ನಾನು ಹುಟ್ಟುವುದಕ್ಕೂ ಮೊದಲಿನ ಪುಸ್ತಕ. ಹಾಳೆ ತಿರುಗಿಸಿದರೆ ಬೆನ್ನಿನಿಂದ ಒಣಗಿದ ಅಂಟು ಪುಡಿಪುಡಿಯಾಗಿ ಅಂಗಿಯ ಮೇಲೆ ಬೀಳುತ್ತಿತ್ತು. ಕೊನೆಯ ಕೆಲವು ಹಾಳೆಗಳು ಇರಲೇ ಇಲ್ಲ. ಪತ್ತೇದಾರಿ ಕಾದಂಬರಿಗೆ ಕೊನೆಯೇ ಇಲ್ಲದಿದ್ದರೆ ಓದುವುದೇಕೆ ಅಂತ ಹೆಂಡತಿ ಕೇಳಿದಳು. ಮೊದಲು ಅರ್ಧವಾದರೂ ಓದಿ ಮುಗಿಯಲಿ, ಕೊನೆಯ ಚಿಂತೆ ಆಮೇಲೆ ಅಂದೆ.

ನನ್ನ ಇಂಗ್ಲಿಷ್ ಕನ್ನಡ ಮೀಡಿಯಮ್ಮಿನ ಇಂಗ್ಲಿಷ್. ಪಂಪಿನ ಮ್ಯಾನುವಲ್ ಸಲೀಸಾಗಿ ಓದುತ್ತೇನೆ, ಕಾದಂಬರಿ ಅಂದರೆ ಎಡವುತ್ತೇನೆ. ಮಗಳು ಆಗ ಹನ್ನೆರಡನೆಯ ತರಗತಿಯಲ್ಲಿದ್ದಳು. ಹುಟ್ಟಿದ್ದು, ಬೆಳೆದದ್ದು ಎಲ್ಲ ದೋಹಾದಲ್ಲೇ. ಅವಳ ಇಂಗ್ಲಿಷ್ ನೀರು ಕುಡಿದಷ್ಟು ಸುಲಭ. ಕನ್ನಡ ಮಾತ್ರ ಬಿಸಿ ಅನ್ನ ಬಾಯಿಗಿಟ್ಟ ಹಾಗೆ, ಹಾ ಹೂ ಅನ್ನುತ್ತಾ ಹೇಗೋ ನುಂಗುತ್ತಿದ್ದಳು. ನನ್ನ ಮನೆಮಾತು ತುಳು, ಹೆಂಡತಿ ದಾವಣಗೆರೆಯವಳು. ಹಾಗಾಗಿ ಮನೆಯಲ್ಲಿ ಕನ್ನಡವೇ ನಡೆಯಬೇಕು ಅನ್ನುವುದು ನಾವು ಮಾಡಿಕೊಂಡ ಒಪ್ಪಂದ. ಮಗಳು ಆ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ, ಪಾಪ.

ಆ ಪುಸ್ತಕದಿಂದ ನಮ್ಮಿಬ್ಬರ ನಡುವೆ ಒಂದು ವ್ಯವಹಾರ ಕುದುರಿತು. ಬಸ್ಸಿನಲ್ಲಿ ಓದುವಾಗ ಅರ್ಥವಾಗದ ಪದಕ್ಕೆ ನಾನು ಪೆನ್ಸಿಲ್ಲಿನಿಂದ ಗೆರೆ ಹಾಕುವುದು, ಸಂಜೆ ಅವಳು ಅರ್ಥ ಹೇಳುವುದು. ಅದಕ್ಕೆ ಬದಲಾಗಿ ಅವಳು ಆ ದಿನದ ಕತೆಯನ್ನು ಅಡುಗೆಮನೆಯಲ್ಲಿ ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕು. ಅವಳಂತೂ ಒಂದೇ ವಾರಾಂತ್ಯದಲ್ಲಿ ಇಡೀ ಪುಸ್ತಕ ಮುಗಿಸಿ ಕೂತಿದ್ದಳು. ಆದರೂ ನನಗೋಸ್ಕರ ಹೊಸದಾಗಿ ಕೇಳುವವಳ ಹಾಗೆ ದಿನಾ ಬಂದು ಕೂರುತ್ತಿದ್ದಳು.

"ಸ್ಟುವರ್ಡ್ ಅಂದ್ರೆ ವಿಮಾನದಲ್ಲಿ ಊಟ ಕೊಡುವವರಲ್ವಾ? ಅವರಿಗೆ ರೇಸಿನಲ್ಲಿ ಎಂತ ಕೆಲಸ?" ಅಂತ ನಾನು ಕೇಳಿದ್ದಕ್ಕೆ ಅವಳು ಸೋಫಾದಿಂದ ಕೆಳಗೆ ಬೀಳುವಷ್ಟು ನಕ್ಕಿದ್ದಳು. "ಪಪ್ಪಾ, ಅವರು ಜಡ್ಜ್ ಥರ. ಮೋಸ ಮಾಡಿದ್ರೆ ಹಿಡೀತಾರೆ." ಅವಳು ಅಮ್ಮನಿಗೆ ಕತೆ ಹೇಳುವಾಗ ಕುದುರೆ ಓಡಿದಳು, ಜಾಕಿ ಬಿದ್ದಿತು. ಹೆಂಡತಿ ಚಪಾತಿ ಲಟ್ಟಿಸುತ್ತಾ "ಅಲ್ಲವ್ವಾ, ಬಿದ್ದದ್ದು ಯಾರು, ಓಡಿದ್ದು ಯಾರು, ಮೊದ್ಲು ಅದನ್ನ ಹೇಳು" ಅನ್ನುತ್ತಿದ್ದಳು. ಆ ದಿನಗಳಷ್ಟು ನಾವು ಮೂವರೂ ಸೇರಿ ನಕ್ಕದ್ದು ಮತ್ತೆ ನೆನಪಿಲ್ಲ.

ಕತೆ ಇಷ್ಟು. ಇಂಗ್ಲೆಂಡಿನ ಒಂದು ಸಣ್ಣ ಊರು, ಸದಾ ಮಂಜು, ಸದಾ ಚಹಾ. ಅಲ್ಲಿನ ಪತ್ರಿಕೆಗೆ ರೇಸಿನ ಸುದ್ದಿ ಬರೆಯುವ ಒಬ್ಬ ಕಥಾನಾಯಕ. ಅವನ ಗೆಳೆಯ ಒಬ್ಬ ಬಡ ಜಾಕಿ. ಗೆದ್ದೇ ಗೆಲ್ಲುತ್ತದೆ ಅಂತ ಊರೆಲ್ಲ ನಂಬಿದ್ದ ಬೂದು ಬಣ್ಣದ ಹೆಣ್ಣು ಕುದುರೆ ಅವನು ಓಡಿಸಿದಾಗ ಸೋಲುತ್ತದೆ. ಕುದುರೆಯ ಮಾಲೀಕ, ಹ್ಯಾಟಿನ ಜಮೀನ್ದಾರ, ಎಲ್ಲರೆದುರು ಕೂಗಾಡುತ್ತಾನೆ. ವಿಚಾರಣೆ ನಡೆಯುತ್ತದೆ, ಜಾಕಿಯ ಲೈಸೆನ್ಸು ಹೋಗುತ್ತದೆ. ಅವನ ಮೇಲಿದ್ದ ಆರೋಪ ಒಂದೇ ವಾಕ್ಯದ್ದು: ಅವನು ಕುದುರೆಯನ್ನು ಪುಲ್ ಮಾಡಿದ.

ಆ ವಾಕ್ಯಕ್ಕೆ ನಾನು ಗೆರೆ ಹಾಕಲಿಲ್ಲ. ಗೊತ್ತಿದ್ದ ಪದಕ್ಕೆ ಯಾಕೆ ಗೆರೆ? ಎಳೆದ ಅಂದರೆ ಎಳೆದ. ನಾನು ಕಂಬಳದ ಸೀಮೆಯವನು. ನಮ್ಮ ಸೋದರಮಾವ ಒಂದು ಜೊತೆ ಓಟದ ಕೋಣ ಸಾಕಿದ್ದರು. ಕೆಸರುಗದ್ದೆಯಲ್ಲಿ ಕೋಣಗಳು ಹಲಗೆ ಎಳೆಯುತ್ತವೆ, ಅದರ ಮೇಲೆ ಓಡಿಸುವವನು ನಿಂತಿರುತ್ತಾನೆ; ಕೋಣ ಜೀವ ಬಿಟ್ಟು ಎಳೆದರೆ ಹಲಗೆಯ ತೂತಿನಿಂದ ನೀರು ತೆಂಗಿನ ಎತ್ತರಕ್ಕೆ ಚಿಮ್ಮುತ್ತದೆ, ಬಹುಮಾನ ಅದಕ್ಕೇ. "ಎಂಥಾ ಎಳೆತ!" ಅಂತ ಗದ್ದೆಯ ಬದುವಿನಲ್ಲಿ ನಿಂತು ಕಿರುಚಿದ ಬಾಯಿ ನನ್ನದು. ಹಾಗಾಗಿ ಆ ಜಾಕಿ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸುರಿದು ಎಳೆದ, ಆದರೂ ಸೋತ, ಆಮೇಲೆ ಲಂಚ ತಿಂದ ಸ್ಟುವರ್ಡುಗಳು ಆ ಪಾಪದವನ ಹೊಟ್ಟೆ ಮೇಲೆ ಹೊಡೆದರು ಅಂತಲೇ ನಾನು ಓದಿಕೊಂಡೆ. ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಅವನಿಗಾಗಿ ಕಣ್ಣೊರೆಸಿಕೊಂಡದ್ದೂ ಉಂಟು.

ನಿಜವಾದ ಕತೆ ತಲೆಕೆಳಗು. ಜಾಕಿ ಲಗಾಮು ಜಗ್ಗಿ ಹಿಡಿದು, ಯಾರಿಗೂ ಗೊತ್ತಾಗದ ಹಾಗೆ ಬೇಕೆಂದೇ ಕುದುರೆಯನ್ನು ಸೋಲಿಸಿದ್ದ. ಹಾಗೆ ಮಾಡು ಅಂತ ಗುಟ್ಟಾಗಿ ಅಪ್ಪಣೆ ಕೊಟ್ಟವನು ಆ ಕೂಗಾಡಿದ ಮಾಲೀಕನೇ. ಸೋತ ಮೇಲೆ ಎಲ್ಲರಿಗಿಂತ ಜೋರಾಗಿ ಅವನು ಬೊಬ್ಬೆ ಹಾಕಿದ್ದು ನಾಟಕ. ಇದು ನನ್ನ ಮಗಳಿಗೆ ಗೊತ್ತಿತ್ತು. ಇದ್ದಷ್ಟು ಹಾಳೆಗಳನ್ನು ಸರಿಯಾಗಿ ಓದಿದ ಯಾರಿಗಾದರೂ ಗೊತ್ತಾಗುತ್ತಿತ್ತು. ನನ್ನನ್ನು ತಿದ್ದಬಹುದಾಗಿದ್ದ ಕೊನೆಯ ಹಾಳೆಗಳು ಮಾತ್ರ ಯಾವ ಮರಳಲ್ಲಿ ಹೂತಿದ್ದವೋ.

"ಆ ಹುಡುಗ ಎಂಥಾ ಎಳೆದ ನೋಡು!" ಅಂತ ನಾನು ಹೊಗಳಿದರೆ ಅವಳೂ ಕಣ್ಣರಳಿಸಿ "ಹೌದು ಪಪ್ಪಾ, ಎಷ್ಟು ಚಂದ ಎಳೆದ" ಅನ್ನುತ್ತಿದ್ದಳು. ಇಬ್ಬರೂ ಮೆಚ್ಚಿದೆವು, ಇಬ್ಬರೂ ಬೇರೆ ಬೇರೆಯದನ್ನು. ಆ ಪದ ನಮ್ಮ ಮನೆಯ ಪದವಾಯಿತು. ಕಾರ್ಖಾನೆ ನಿಲ್ಲಿಸಿ ಮಾಡುವ ಶಟ್‌ಡೌನ್ ಕೆಲಸ ಮುಗಿಸಿ ಬೆನ್ನು ಹಿಡಿದುಕೊಂಡು ಬಂದ ದಿನ "ಇವತ್ತು ಎಳೆದೆ ಮಾರಾಯ್ತಿ" ಅಂದರೆ ಅವಳು ಪಕಪಕ ನಗುತ್ತಿದ್ದಳು. ಕೆಲಸಗಳ್ಳತನವನ್ನು ಅಪ್ಪ ಇಷ್ಟು ರಾಜಾರೋಷವಾಗಿ ಹೇಳಿಕೊಳ್ಳುತ್ತಾರಲ್ಲ ಅಂತ. ಅವಳು ಒಮ್ಮೆ "ಮ್ಯಾಥ್ಸ್ ಟೆಸ್ಟಲ್ಲಿ ಎಳೆದುಬಿಟ್ಟೆ" ಅಂದಳು. ಬೆನ್ನು ತಟ್ಟಿದೆ. ಅಂಕ ಕಡಿಮೆ ಬಂತು. ಟೀಚರು ಬಿಗಿ ಅಂದುಕೊಂಡು ಸುಮ್ಮನಾದೆ.

ಮಗಳ ಕುದುರೆ ಹುಚ್ಚು ಪುಸ್ತಕದಿಂದ ಹತ್ತಿದ್ದಲ್ಲ. ಸಣ್ಣವಳಿದ್ದಾಗ ಶುಕ್ರವಾರ ಸೂಕ್ ವಾಕಿಫ್ ಪೇಟೆಗೆ ಹೋದರೆ ಹೆಂಡತಿ ಮಸಾಲೆ ಅಂಗಡಿಗೆ, ನಾನು ಚಹಾಕ್ಕೆ, ಅವಳು ನೇರ ಕುದುರೆ ಲಾಯದ ಕಟಕಟೆಗೆ. ದೊಡ್ಡವಳಾದ ಮೇಲೆ ಶಾಲೆಯ ಕಡೆಯಿಂದ ಒಂದು ಲಾಯಕ್ಕೆ ಹೋಗಿ ಕುದುರೆ ತೊಳೆಯುವುದು, ಗೊರಸು ಕೆರೆಯುವುದು ಕಲಿತಳು. ಅವಳು ಹತ್ತಿರ ಹೋದರೆ ಸಾಕು, ಎಷ್ಟೇ ಮೊಂಡು ಕುದುರೆಯಾದರೂ ತಲೆ ತಗ್ಗಿಸಿ ಅವಳ ಹೆಗಲಿಗೆ ಮೂತಿ ಇಡುತ್ತಿತ್ತು. ನನ್ನ ಮಗಳು ಅಂತ ಹೇಳುತ್ತಿಲ್ಲ, ಲಾಯದ ಮುಖ್ಯಸ್ಥನೇ ಬೆರಗಾಗಿ ನೋಡುತ್ತಿದ್ದ. ಆ ವರ್ಷವೇ ಒಂದು ಕುದುರೆ ಆಸ್ಪತ್ರೆಯವರು ಶಾಲೆ ಮುಗಿಸುವ ಮಕ್ಕಳನ್ನು ತರಬೇತಿಗೆ ಆರಿಸುತ್ತಾರೆ ಅನ್ನುವ ಸುದ್ದಿ ಬಂತು. ಆಯ್ಕೆಯಾದರೆ ಇಲ್ಲೇ ಕಲಿಸಿ, ಮುಂದೆ ಡಾಕ್ಟರ್ ಓದಿಗೂ ಅವರೇ ದಾರಿ ಮಾಡುತ್ತಾರೆ. ಶಾಲೆ ಮುಗಿಸಿದ ವರ್ಷ ಮಾತ್ರ ಅವಕಾಶ, ಮತ್ತೆ ಕೇಳುವ ಹಾಗಿಲ್ಲ. ಅವಳಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ.

ಈಗ ನನ್ನ ಬಾಯಿಯ ವಿಷಯ ಹೇಳಬೇಕು. ದೋಹಾದಲ್ಲಿ ನಮ್ಮ ಊರಿನವರು ಇಬ್ಬರು ಎದುರಾದರೆ ಮಳೆ ಬೆಳೆ ವಿಚಾರಿಸಿದ ಮೇಲೆ ಮುಂದಿನ ಮಾತು ಇದೇ: "ಸಾಕು ಮಾರಾಯ, ಈ ವರ್ಷ ಖಲಾಸ್, ಊರಿಗೆ ಹೋಗುದು." ನಮ್ಮ ಕಟ್ಟಡದ ಕೆಳಗೆ ಅಂಗಡಿ ಇಟ್ಟಿರುವ ಬ್ಯಾರಿ ಹಿರಿಯರು ನಾನು ಇಲ್ಲಿಗೆ ಬಂದ ದಿನವೇ ಖಲಾಸ್ ಅಂದಿದ್ದರು. ಆಗ ಹುಟ್ಟಿರದ ಅವರ ಮೊಮ್ಮಕ್ಕಳು ಈಗ ಅದೇ ಅಂಗಡಿಯ ಗಲ್ಲಾದಲ್ಲಿ ಕೂತಿದ್ದಾರೆ. ಅದು ಹೊರಡುವ ಮಾತಲ್ಲ. ಸೆಕೆ ಜಾಸ್ತಿ, ಕಾಲು ನೋವು, ಮೇಲಧಿಕಾರಿ ಸರಿಯಿಲ್ಲ ಅನ್ನುವುದನ್ನೆಲ್ಲ ಸೇರಿಸಿ ಒಂದೇ ಉಸಿರಿನಲ್ಲಿ ಹೇಳುವ ಕ್ರಮ. ನಾನೂ ದಿನಾ ಷೂ ಬಿಚ್ಚುತ್ತಾ ಖಲಾಸ್ ಅನ್ನುತ್ತಿದ್ದೆ. ಊರಿಗೆ ಹೋಗಿ ಮಾಡುವುದೇನು ಅಂತ ಒಂದು ದಿನವೂ ಯೋಚಿಸಿದವನಲ್ಲ. ನಿಜ ಹೇಳಬೇಕೆಂದರೆ ನನಗೆ ಈ ಊರು ಇಷ್ಟ. ಬಸ್ಸು ಇಷ್ಟ, ಪಂಪಿನ ಸದ್ದು ಇಷ್ಟ, ಮನ್ಸೂರಾದ ಗಲಾಟೆಯೂ ಇಷ್ಟ.

ಇದು ಇಲ್ಲಿ ಹುಟ್ಟಿದವಳಿಗೆ ಹೇಗೆ ಗೊತ್ತಾಗಬೇಕು? ಅವಳ ಕನ್ನಡದಲ್ಲಿ ಪದಗಳಿಗೆ ಒಂದೊಂದೇ ಅರ್ಥ. ಗೊಣಗಾಟ ಯಾವುದು, ಆಸೆ ಯಾವುದು ಅಂತ ಬೇರ್ಪಡಿಸುವಷ್ಟು ಕನ್ನಡವನ್ನು ನಾವು ಅವಳಿಗೆ ಕೊಟ್ಟಿರಲಿಲ್ಲ.

ಆಯ್ಕೆಗೆ ಕೆಲವು ದಿನ ಮೊದಲು ಅವಳು ಕೇಳಿದ್ದಳು. "ಪಪ್ಪಾ, ನಾನು ಸೆಲೆಕ್ಟ್ ಆದ್ರೆ ನೀವು ಇಲ್ಲೇ ಇರ್ಬೇಕಾ?"

"ಮತ್ತೆಂತ? ನೀನು ಡಾಕ್ಟರಾಗುವವರೆಗೆ ನಾನು ಈ ಮರಳು ತಿನ್ಬೇಕು" ಅಂದೆ. ನಗುತ್ತಲೇ ಅಂದದ್ದು. ಹೆಮ್ಮೆಯಿಂದ ಅಂದದ್ದು. ನಮ್ಮ ಕಡೆ ಅಪ್ಪಂದಿರಿಗೆ ಹೆಮ್ಮೆಯಾದಾಗ ಬರುವುದು ಇಂಥ ಮಾತೇ, ಏನು ಮಾಡುವುದು. ಅವಳು ನಗಲಿಲ್ಲ. ಪರೀಕ್ಷೆಯ ಭಯ ಅಂದುಕೊಂಡೆ.

ಆಯ್ಕೆಯ ದಿನ ಹೆಂಡತಿಗೆ ಅವಳ ನರ್ಸರಿ ಶಾಲೆಯಲ್ಲಿ ರಜೆ ಸಿಗಲಿಲ್ಲ. ನಾವಿಬ್ಬರೇ ಟ್ಯಾಕ್ಸಿಯಲ್ಲಿ ಹೊರಟೆವು. ಚಳಿಗಾಲದ ಬೆಳಗು, ತಿಳಿ ಬಿಸಿಲು. ಅವಳು ಉಗುರು ಕಚ್ಚುತ್ತಾ ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಇದ್ದಕ್ಕಿದ್ದಂತೆ ಕೇಳಿದಳು.

"ಪಪ್ಪಾ, ನಾನೇನು ಮಾಡ್ಲಿ?"

"ಎಂತ ಮಾಡುದು? ಎಳಿ."

ಅವಳು ನನ್ನ ಮುಖ ನೋಡಿದಳು. "ನಿಜವಾಗ್ಲೂ?"

"ನಿಜವಾಗ್ಲೂ. ಪೂರ್ತಿ ಎಳಿ. ಆ ಪುಸ್ತಕದ ಹುಡುಗನ ಹಾಗೆ. ಮುಖದಲ್ಲಿ ಮಾತ್ರ ಎಂತದೂ ತೋರಿಸ್ಬೇಡ."

"ಅಮ್ಮನಿಗೆ?"

"ಅಮ್ಮನಿಗೆ ನಾನು ಹೇಳ್ತೇನೆ. ನೀನು ತಲೆಬಿಸಿ ಮಾಡ್ಬೇಡ." ಮುಖದ ಮಾತು ಹೆದರಿಕೆ ಕಾಣಬಾರದು ಅಂತ ಹೇಳಿದ್ದು. ಮುಗಿದ ಮೇಲೆ ಅಮ್ಮನಿಗೆ ಫೋನು ಮಾಡುವುದು ಯಾರು ಅಂತ ಕೇಳುತ್ತಿದ್ದಾಳೆ ಅಂದುಕೊಂಡಿದ್ದೆ.

ಅವಳು ಕಿಟಕಿಯ ಕಡೆ ತಿರುಗಿದಳು. ಉಗುರು ಕಚ್ಚುವುದನ್ನೂ ನಿಲ್ಲಿಸಿದ್ದಳು. ಧೈರ್ಯ ಬಂತು ಅಂತ ನನಗೆ ಸಮಾಧಾನವಾಯಿತು.

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಪರೀಕ್ಷೆ. ಮನೆಯವರು ಬೇಲಿಯ ಆಚೆ ನಿಂತು ನೋಡಬಹುದಿತ್ತು. ಒಬ್ಬೊಬ್ಬರಾಗಿ ಒಂದು ಕಂದು ಹೆಣ್ಣು ಕುದುರೆಯ ಹತ್ತಿರ ಹೋಗಬೇಕು, ಅದರ ತಲೆಗೆ ಹಗ್ಗದ ಮುಖಪಟ್ಟಿ ತೊಡಿಸಬೇಕು, ಒಂದು ಸುತ್ತು ನಡೆಸಬೇಕು, ಕಾಲೆತ್ತಿ ಗೊರಸು ತೋರಿಸಬೇಕು. ಮಗಳು ದಿನಾ ಮಾಡುತ್ತಿದ್ದ ಕೆಲಸ. ಅವಳ ಸರದಿ ಬಂದಾಗ ಅವಳು ಕುದುರೆಯಿಂದ ದೂರದಲ್ಲೇ ನಿಂತಳು. ಕುದುರೆ ತಾನಾಗಿ ಎರಡು ಹೆಜ್ಜೆ ಮುಂದೆ ಬಂತು, ಅವಳು ಹಿಂದೆ ಸರಿದಳು. ಮುಖಪಟ್ಟಿ ತೊಡಿಸಲು ಹೋದವಳು ಅದು ತಲೆ ಎತ್ತಿದ ಕೂಡಲೇ ಹಗ್ಗ ಕೈಬಿಟ್ಟಳು. ಪರೀಕ್ಷೆ ಮಾಡುವವರು ಇನ್ನೊಮ್ಮೆ ಪ್ರಯತ್ನಿಸು ಅಂದರು. ಕಾಲೆತ್ತಲು ಬಗ್ಗಿದಳು, ಮುಟ್ಟಿ ಹಾಗೇ ಎದ್ದು ನಿಂತಳು.

ಬೇಲಿಯ ಆಚೆ ನಿಂತ ನಾನೆಂಬ ಮಹಾ ಪಂಡಿತ ಇದನ್ನು ಹೇಗೆ ಓದಿಕೊಂಡೆ ಗೊತ್ತೇ? ಉಳಿದ ಮಕ್ಕಳು ಕುದುರೆಯನ್ನು ಒರಟಾಗಿ ಹಿಡಿದರು, ನನ್ನ ಮಗಳು ಪ್ರಾಣಿಗೆ ಹೆದರಿಕೆಯಾಗದ ಹಾಗೆ ತಾಳ್ಮೆ ತೋರಿಸಿದಳು, ನಿಜವಾದ ಡಾಕ್ಟರು ಅಂದರೆ ಹೀಗೆ. ಅವಳು ತಿರುಗಿ ನನ್ನನ್ನು ಹುಡುಕಿ ನೋಡಿದಾಗ ಎರಡೂ ಹೆಬ್ಬೆರಳು ಎತ್ತಿ, ಇದ್ದ ಹಲ್ಲನ್ನೆಲ್ಲ ತೋರಿಸಿ ನಕ್ಕೆ. ಅವಳೂ ನಕ್ಕಳು. ನಕ್ಕು ಕೂಡಲೇ ಮುಖ ತಿರುಗಿಸಿದಳು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಕೇಳಿದೆ. "ಎಳೆದೆ ಅಲ್ವಾ?"

"ಎಳೆದೆ ಪಪ್ಪಾ."

ಅವಳನ್ನು ಬರಸೆಳೆದು ತಲೆಗೆ ಮುತ್ತಿಟ್ಟೆ. ನಮ್ಮ ಮನೆತನದಲ್ಲಿ ಗಂಡಸರು ಬೆಳೆದ ಮಕ್ಕಳನ್ನು ಅಪ್ಪಿಕೊಳ್ಳುವ ರೂಢಿಯಿಲ್ಲ; ಬೆನ್ನಿಗೊಂದು ಗುದ್ದು ಕೊಟ್ಟರೆ ಅದೇ ದೊಡ್ಡದು. ಆ ದಿನ ಮಾತ್ರ ನನಗೆ ತಡೆದುಕೊಳ್ಳಲಾಗಲಿಲ್ಲ. "ನಿನ್ನಂಥ ಮಗಳು ಯಾರಿಗೂ ಸಿಕ್ಕುದಿಲ್ಲ" ಅಂತಲೂ ಹೇಳಿದೆ. ಅವಳು ನನ್ನ ಅಂಗಿಗೆ ಮುಖ ಒತ್ತಿ ಅತ್ತಳು. ಸಂತೋಷಕ್ಕೆ ಅಂದುಕೊಂಡು ನಾನೂ ಅತ್ತೆ. ಪಾಕಿಸ್ತಾನಿ ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿ ರೇಡಿಯೋ ಸಣ್ಣದು ಮಾಡಿದ.

ಅವಳು ಆಯ್ಕೆಯಾಗಲಿಲ್ಲ. ಸುದ್ದಿ ಬಂದ ದಿನ ಊಟಕ್ಕೆ ಕೂತಿದ್ದೆವು. ನಾನು ತಟ್ಟೆ ತಳ್ಳಿ ಎದ್ದು ಕೂಗಾಡಿದೆ. ಒಳಗಿಂದೊಳಗೆ ಎಲ್ಲ ಮೊದಲೇ ನಿರ್ಧಾರ ಆಗಿತ್ತು, ಮೋಸ, ಕುದುರೆ ಇದ್ದಲ್ಲೆಲ್ಲ ಮೋಸವೇ, ಪುಸ್ತಕದಲ್ಲೂ ಹೀಗೇ ಆದದ್ದಲ್ವಾ ಅಂತ. ಹೆಂಡತಿ ಕಣ್ಣೀರು ಹಾಕಿದಳು. ಮಗಳು ಮಾತ್ರ ತಟ್ಟೆಯ ಆಚೆಯಿಂದ ನನ್ನನ್ನೇ ನೋಡಿ ಸಣ್ಣಗೆ ನಕ್ಕಳು, ನಮಗಿಬ್ಬರಿಗೆ ಮಾತ್ರ ಗೊತ್ತಿರುವ ಏನೋ ಇದೆ ಅನ್ನುವ ಹಾಗೆ. ದುಃಖ ನುಂಗಿಕೊಂಡು ನನಗೆ ಸಮಾಧಾನ ಹೇಳುತ್ತಿದ್ದಾಳೆ ಅಂದುಕೊಂಡು ನನಗೆ ಇನ್ನಷ್ಟು ಸಂಕಟವಾಯಿತು.

ಆಮೇಲೆ ಅವಳು ಕುದುರೆಯ ಮಾತೆತ್ತಲಿಲ್ಲ. ಲಾಯಕ್ಕೂ ಹೋಗಲಿಲ್ಲ. ಅಂಚೆಯ ಮೂಲಕ ಬಿ.ಕಾಂ. ಮಾಡಿದಳು, ಇನ್ಶೂರೆನ್ಸ್ ಆಫೀಸು ಸೇರಿದಳು. ನಾನು ಕಾಂಟ್ರಾಕ್ಟ್ ಮುಂದುವರಿಸಿದೆ, ಆಮೇಲೆ ಮತ್ತೊಮ್ಮೆ ಮುಂದುವರಿಸಿದೆ. ಪ್ರತಿ ಸಲ ಸಹಿ ಹಾಕಿ ಬಂದಾಗಲೂ ಅವಳು ಏನೋ ಕೇಳುವವಳಂತೆ ನೋಡಿ ಒಳಗೆ ಹೋಗುತ್ತಿದ್ದಳು.

ಇತ್ತೀಚೆಗೆ ನಮ್ಮ ಬಸ್ಸಿಗೆ ಹೊಸದಾಗಿ ಒಬ್ಬ ಸೇಫ್ಟಿ ಆಫೀಸರ್ ಬರತೊಡಗಿದ. ಬೆಂಗಳೂರಿನವನು, ಮಾತಿನ ಮಲ್ಲ. ಒಂದು ಬೆಳಿಗ್ಗೆ ಓದಲಿಕ್ಕೆ ಬೇರೇನೂ ಇಲ್ಲದೆ ನಾನು ಆ ಹಳೆಯ ಪುಸ್ತಕವನ್ನೇ ಹಿಡಿದುಕೊಂಡು ಹೋಗಿದ್ದೆ. ಮುಖಪುಟ ನೋಡಿದ್ದೇ ತಡ ಅವನು ಅರಳಿದ. ಅವನ ಮನೆ ರೇಸ್‌ಕೋರ್ಸಿನ ಹತ್ತಿರವಂತೆ, ಕುದುರೆ ನೋಡುತ್ತಲೇ ಬೆಳೆದವನಂತೆ. ಕತೆ ಏನು ಸಾರ್ ಅಂದ. ನಾನು ಜಾಕಿಯ ಕರುಣ ಕತೆ ಹೇಳಿದೆ. ಜೀವ ಬಿಟ್ಟು ಎಳೆದರೂ ಅನ್ಯಾಯವಾಗಿ ಶಿಕ್ಷೆ ಕೊಟ್ಟರು ಅಂದೆ.

"ಅಯ್ಯೋ ಸಾರ್!" ಅವನು ತೊಡೆ ತಟ್ಟಿಕೊಂಡು ನಕ್ಕ. "ಪುಲ್ ಮಾಡಿದ ಅಂದ್ರೆ ಲಗಾಮು ಹಿಂದಕ್ಕೆ ಎಳ್ದ. ಬೇಕೂಂತ ಸೋಲಿಸ್ದ. ಅದೇ ಸಾರ್ ಅಲ್ಲಿರೋ ಫ್ರಾಡು. ನೀವು ಇಡೀ ಬುಕ್ಕನ್ನ ಉಲ್ಟಾ ಓದ್ಬಿಟ್ಟಿದ್ದೀರ!" ಮುಂದಿನ ಸೀಟಿನವರಿಗೂ ತಿರುಗಿ ಹೇಳಿದ. ಎಲ್ಲರೂ ನಕ್ಕರು. ನನಗೂ ನಗು ಬಂತು. ಎಂಥಾ ಮಂಗ ನಾನು ಅಂದುಕೊಂಡು ಜೋರಾಗಿಯೇ ನಗುತ್ತಿದ್ದೆ. ನಗುನಗುತ್ತಾ, ಇದನ್ನು ಸಂಜೆ ಮಗಳಿಗೆ ಹೇಳಬೇಕು, ಅವಳೂ ನಗುತ್ತಾಳೆ ಅಂತ ಮನಸ್ಸಿಗೆ ಬಂತು. ಅವಳಿಗೆ ಗೊತ್ತಿತ್ತಲ್ಲ, ಅವಳು ಪುಸ್ತಕ ಓದಿದ್ದಳಲ್ಲ ಅಂತ ಅದರ ಹಿಂದೆಯೇ ಬಂತು. ಆಮೇಲೆ ಟ್ಯಾಕ್ಸಿ ನೆನಪಾಯಿತು. ಪುಸ್ತಕ ಮುಚ್ಚಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಪಕ್ಕದವನು ನೀರಿನ ಬಾಟಲಿ ಕೊಟ್ಟು "ಏನಾಯ್ತು ಸಾರ್?" ಅಂದ. ಸೆಕೆ ಅಂದೆ.

ಆ ದಿನ ಕೆಲಸ ಹೇಗೆ ಮಾಡಿದೆನೋ ದೇವರಿಗೇ ಗೊತ್ತು. ಸಂಜೆ ಮನೆಗೆ ಹೋಗದೆ ಮೆಟ್ರೋ ಸ್ಟೇಷನ್ನಿನ ಬಾಗಿಲಲ್ಲಿ ಕಾದು ನಿಂತೆ. ಅವಳು ಕೊರಳಲ್ಲಿ ಆಫೀಸಿನ ಕಾರ್ಡು ನೇತಾಡಿಸಿಕೊಂಡು ಬಂದಳು. ಹತ್ತಿರದ ಜ್ಯೂಸ್ ಅಂಗಡಿಗೆ ಕರೆದುಕೊಂಡು ಹೋದೆ. ಎದುರು ಕೂತು, ಸುತ್ತು ಬಳಸದೆ ಕೇಳಿದೆ: "ಆ ದಿನ ಕುದುರೆ ಹತ್ತಿರ ನೀನು ಬೇಕಂತ ಸೋತದ್ದಾ?"

ಅವಳು ಸ್ಟ್ರಾ ತಿರುಗಿಸುವುದನ್ನು ನಿಲ್ಲಿಸಿದಳು. "ನೀವೇ ಹೇಳಿದ್ರಲ್ಲ ಪಪ್ಪಾ. ಎಳಿ ಅಂತ."

"ಗೆಲ್ಲು ಅಂತ ಹೇಳಿದ್ದು ಮಗಳೇ. ಜೀವ ಬಿಟ್ಟು ಮಾಡು ಅಂತ. ನನಗೆ ಆ ಪದದ ಅರ್ಥ ಇವತ್ತು ಬೆಳಿಗ್ಗೆ ಗೊತ್ತಾದದ್ದು." ಕಂಬಳ, ಕೋಣ, ಹಲಗೆ ಎಲ್ಲ ಹೇಳಿದೆ. ಹೇಳುತ್ತಾ ಹೋದಂತೆ ನನ್ನ ಮಾತು ನನಗೇ ಹುಚ್ಚನ ಮಾತಿನ ಹಾಗೆ ಕೇಳಿಸಿತು.

ಅವಳು ಗ್ಲಾಸನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ನಿಧಾನಕ್ಕೆ ಕೇಳಿದಳು. "ನಿಮಗೆ ಊರಿಗೆ ಹೋಗ್ಬೇಕಂತ ಇರ್ಲಿಲ್ವಾ?"

"ಇರಲಿಲ್ಲ."

"ದಿನಾ ಖಲಾಸ್ ಅಂತಿದ್ರಲ್ಲ."

"ಅದು ಸುಮ್ಮನೆ ಹೇಳುದು ಮಗಳೇ. ಇಲ್ಲಿ ಎಲ್ಲರೂ ಹೇಳ್ತಾರೆ."

"ನಾನು ಸೆಲೆಕ್ಟ್ ಆದ್ರೆ ನಿಮಗೆ ಹೋಗ್ಲಿಕ್ಕೆ ಆಗಲ್ಲ ಅಂತ ನೀವು ಹೇಳಿದ್ರಿ. ಆಮೇಲೆ ಎಳಿ ಅಂದ್ರಿ. ಮನೆಯಲ್ಲಿ ಸಿಟ್ಟು ಮಾಡಿದ್ರಲ್ಲ, ಅದು ಅಮ್ಮನಿಗೆ ಗೊತ್ತಾಗ್ಬಾರ್ದು ಅಂತ ಆ್ಯಕ್ಟಿಂಗ್ ಅಂದ್ಕೊಂಡೆ. ಬುಕ್ಕಲ್ಲಿ ಆ ಹ್ಯಾಟಿನವನು ಮಾಡ್ತಾನಲ್ಲ, ಹಾಗೆ. ಆಮೇಲೂ ನಾವು ಹೋಗ್ಲೇ ಇಲ್ಲ. ಅಮ್ಮ ಒಪ್ಪಲಿಲ್ಲ ಅಂದ್ಕೊಂಡೆ."

ಬೈಯಲಿ ಅಂತ ಕಾದೆ. ಬೈದಿದ್ದರೆ ನನಗೆ ಸುಲಭವಿತ್ತು. ಅವಳಿಗೆ ಸಿಟ್ಟೇ ಬಂದಿರಲಿಲ್ಲ. ಲೆಕ್ಕ ತಪ್ಪಿದ ಮಗುವಿನ ಹಾಗೆ ಎಲ್ಲವನ್ನೂ ಮೊದಲಿನಿಂದ ಮತ್ತೆ ಜೋಡಿಸಿ ನೋಡುತ್ತಿದ್ದಳು. ಜೋಡಿಸುತ್ತಾ ಒಂದು ಕಡೆ ಬಂದು ನಿಂತಳು. ಅವಳ ಮುಖ ಬದಲಾಯಿತು.

"ಟ್ಯಾಕ್ಸಿಯಲ್ಲಿ ನನ್ನನ್ನ ಹಗ್ ಮಾಡಿದ್ರಲ್ಲ" ಅಂದಳು. "ನಿನ್ನಂಥ ಮಗಳು ಯಾರಿಗೂ ಸಿಗಲ್ಲ ಅಂದ್ರಿ. ನಾನು ನಿಮಗೋಸ್ಕರ ಬಿಟ್ಟುಕೊಟ್ಟೆ, ಅದಕ್ಕೆ ಅಂತ ಇತ್ತು ನನಗೆ. ಅದು ಅದಕ್ಕಲ್ವಾ?"

ನನಗೆ ಆ ದಿನ ಸುಳ್ಳು ಸಾಕಾಗಿತ್ತು. ಒಂದು ಪದದಿಂದ ಇಷ್ಟೆಲ್ಲ ಹಾಳಾದ ಮೇಲೆ ಇನ್ನಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಅನ್ನಿಸಿತ್ತು. "ಅಲ್ಲ ಮಗಳೇ" ಅಂದೆ. "ನೀನು ಗೆದ್ದೆ ಅಂದುಕೊಂಡು ಸಂತೋಷ ಆಗಿತ್ತು."

ಅವಳು ಕೊರಳಿನ ಕಾರ್ಡು ತೆಗೆದು ಬ್ಯಾಗಿಗೆ ಹಾಕಿದಳು. ಎದ್ದು ನಿಂತಳು. ಕಣ್ಣು ತುಂಬಿತ್ತು, ದನಿ ಮಾತ್ರ ತಣ್ಣಗಿತ್ತು.

"ಹೌದು ಅಂತ ಹೇಳ್ಬಹುದಿತ್ತು, ಪಪ್ಪಾ" ಅಂದಳು.